ಕಲ್ಲಿನ ಭಾರ ಚಾಸಿಗೆ ಹೋಗಲಿ: ಖಾನಾಪುರದ ದಾರಿಗೆ ರಾಕ್ ರೇಲ್ ಆರಿಸುವ ಬಗೆ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟ್ ಇಳಿದು ಗೋವಾ ಸೇರುವವರಿಗೆ ರಾಕ್ ರೇಲ್, ಅಂದರೆ ಬಾಗಿಲ ಕೆಳಗಿನ ಅಂಚನ್ನು ಕಲ್ಲಿನಿಂದ ಕಾಯುವ ಉಕ್ಕಿನ ಕಂಬಿ, ಬೇಕಿಲ್ಲ. ಮಳೆಗಾಲದಲ್ಲಿ ಆ ರಸ್ತೆ ಎಷ್ಟೇ ಕಿತ್ತುಹೋಗಿರಲಿ, ಪೆಟ್ಟು ತಿನ್ನುವುದು ಟಯರು ಮತ್ತು ಸಸ್ಪೆನ್ಷನ್. ರೇಲ್ ಬೇಕಾಗುವುದು ಡಾಂಬರು ಬಿಟ್ಟು ಒಳಗೆ ತಿರುಗಿದ ಮೇಲೆ, ಖಾನಾಪುರ ತಾಲೂಕಿನ ಪಶ್ಚಿಮ ಹಳ್ಳಿಗಳ ಕಚ್ಚಾ ದಾರಿಗಳಲ್ಲಿ. ಅಲ್ಲಿ ಹರಿದ ನೀರು ಗಾಲಿಯ ಜಾಡನ್ನು ಆಳವಾಗಿ ಕೊರೆದಿರುತ್ತದೆ. ಅಂಚಿನಲ್ಲಿ ಜಂಬಿಟ್ಟಿಗೆ ಕಲ್ಲು ಎದ್ದು ನಿಂತಿರುತ್ತದೆ. ಒಂದು ಗಾಲಿ ಜಾಡಿಗೆ ಜಾರಿದರೆ ಸಾಕು, ಗಾಡಿ ವಾಲಿ ಬಾಗಿಲ ಕೆಳಗಿನ ಅಂಚು ಕಲ್ಲಿನ ಮೇಲೆ ಕೂರುತ್ತದೆ.

ಆ ಅಂಚಿಗೆ ಗ್ಯಾರೇಜಿನವರು ಸಿಲ್ ಅನ್ನುತ್ತಾರೆ. ಬಂಪರ್ ಹೋದರೆ ನಟ್ಟು ಬಿಚ್ಚಿ ಹೊಸದು ಹಾಕಬಹುದು. ಸಿಲ್ ಹಾಗಲ್ಲ, ಅದು ಬಾಡಿಯ ಜೊತೆಗೇ ವೆಲ್ಡ್ ಆಗಿರುವ ಪತ್ರಾ. ಒಮ್ಮೆ ಒಳಗೆ ಕುಗ್ಗಿತೆಂದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಕತ್ತರಿಸಿ, ಬೆಸೆದು, ಬಣ್ಣ ಹೊಡೆಸಿದರೂ ಮೊದಲಿನ ಬಿಗಿ ಬರುವುದು ಕಷ್ಟ. ಚಕ್ರಾಂತರ, ಅಂದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ, ಉದ್ದವಾದಷ್ಟೂ ಈ ಅಪಾಯ ಹೆಚ್ಚು. 2020ರ ಥಾರ್‌ನ ಚಕ್ರಾಂತರ 2450 ಮಿ.ಮೀ., ನೆಲದಿಂದ ಎತ್ತರ 226 ಮಿ.ಮೀ. ಐದು ಬಾಗಿಲ ಜಿಮ್ನಿಯ ಚಕ್ರಾಂತರ 2590, ಎತ್ತರ 210. 2024ರಲ್ಲಿ ಬಂದ ಥಾರ್ ರಾಕ್ಸ್‌ನ ಚಕ್ರಾಂತರ 2850. ಮೂರು ಬಾಗಿಲ ಥಾರ್ ಸಲೀಸಾಗಿ ದಾಟಿದ ದಿಬ್ಬದ ಮೇಲೆ ರಾಕ್ಸ್‌ನ ಹೊಟ್ಟೆ ಕೂರಬಹುದು. ಹೀಗಾಗಿ ಉದ್ದದ ಗಾಡಿ ಇಟ್ಟುಕೊಂಡವರು ಮುಂದಿನ ದೊಡ್ಡ ಬಂಪರಿಗಿಂತ ಮೊದಲು ರೇಲ್‌ಗೆ ದುಡ್ಡು ತೆಗೆದಿಡಬೇಕು.

ಶೋರೂಮಿನಲ್ಲಿ ಕೇಳಿದರೆ ಗಾಡಿಯ ಪಕ್ಕದಲ್ಲಿರುವ ಮೆಟ್ಟಿಲನ್ನೇ ತೋರಿಸುವುದುಂಟು. ಅದು ಮನುಷ್ಯ ಹತ್ತಲು ಮಾಡಿದ್ದು, ನೂರು ಕೆ.ಜಿ. ಆಸುಪಾಸಿನ ಭಾರಕ್ಕೆ. ಗಾಡಿಯೇ ಅದರ ಮೇಲೆ ಕೂತರೆ ಮೆಟ್ಟಿಲು ಮಡಚಿ, ತಾನು ಕಾಯಬೇಕಾದ ಸಿಲ್‌ಗೇ ಹೋಗಿ ಚುಚ್ಚುತ್ತದೆ. ಕಾರ್ಖಾನೆಯಿಂದಲೇ ನಿಜವಾದ ರೇಲ್ ಬರುವ ಗಾಡಿಗಳೂ ಇವೆ. ಜೀಪ್ ರ್ಯಾಂಗ್ಲರ್ ರೂಬಿಕಾನ್‌ಗೆ ಉಕ್ಕಿನ ರೇಲ್ ಕಂಪನಿಯದೇ. ಅದು ಸಿಲ್‌ಗೆ ಒತ್ತಿಕೊಂಡು, ಬಾಡಿಯ ತಳಕ್ಕೆ ಬಿಗಿದುಕೊಂಡಿರುತ್ತದೆ. ನೆಲದಿಂದ ಎತ್ತರವಾಗಿ ಅಡಗಿರುತ್ತದೆ, ಹಗುರ, ವಾರಂಟಿಯ ತಕರಾರಿಲ್ಲ. ಕಲ್ಲಿನ ಮೇಲೆ ಸವರಿಕೊಂಡು ಹೋಗುವುದಕ್ಕೆ ಅಷ್ಟು ಸಾಕು. ಆದರೆ ಇಡೀ ಗಾಡಿ ಒಂದೇ ಕಲ್ಲಿನ ಮೇಲೆ ಧೊಪ್ಪನೆ ಕೂತಾಗ ಆ ಭಾರವೆಲ್ಲ ಬಾಡಿಗೇ ಹೋಗುತ್ತದೆ.

ಆಫ್ಟರ್‌ಮಾರ್ಕೆಟ್ ರೇಲ್‌ನ ಬೆಲೆ ಇರುವುದು ಇಲ್ಲಿ. ಒಳ್ಳೆಯದಾದರೆ ಅದರ ಕಾಲುಗಳು ಚಾಸಿಗೆ ಕಟ್ಟಿರುತ್ತವೆ. ಥಾರ್, ಜಿಮ್ನಿ, ಗೂರ್ಖಾ ಮೂರೂ ಏಣಿಯಂಥ ಚಾಸಿಯ ಮೇಲೆ ರಬ್ಬರ್ ಬುಷ್ ಇಟ್ಟು ಬಾಡಿ ಕೂರಿಸಿದ ಗಾಡಿಗಳು. ಚಾಸಿ ತಿರುಚಿದಾಗ ಬಾಡಿ ತುಸು ಬೇರೆಯಾಗಿ ಅಲುಗುತ್ತದೆ. ಅದಕ್ಕಾಗಿ ಚಾಸಿಗೆ ಕಟ್ಟಿದ ರೇಲ್ ಮತ್ತು ಸಿಲ್ ನಡುವೆ ಬೆರಳು ಹೋಗುವಷ್ಟಾದರೂ ಸಂದು ಬೇಕು. ಸಂದಿಲ್ಲದೆ ಅಂಟಿಸಿದ್ದು ನೋಡಲು ಚೆಂದ, ಕಾಡಿನಲ್ಲಿ ಸಿಲ್ ತಿಕ್ಕಿ ಬಣ್ಣ ಕೀಳುತ್ತದೆ. ಕೊಳ್ಳುವ ಮೊದಲು ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ, ರೇಲ್‌ನ ಕಾಲು ಎಲ್ಲಿಗೆ ಹೋಗಿ ಸೇರುತ್ತದೆಂದು ಕಣ್ಣಾರೆ ನೋಡಿ. ಪತ್ರಾದಲ್ಲಿ ಮುಗಿದರೆ ಅದು ಮೆಟ್ಟಿಲು, ಯಾವ ಬ್ರ್ಯಾಂಡ್ ಹೆಸರು ಇದ್ದರೂ ಸರಿ.

ಇನ್ನು ಪೈಪು. ಅಂಗಡಿಯವರು ‘ಹೆವಿ ಗೇಜ್’ ಅನ್ನುತ್ತಾರೆ, ಮಿ.ಮೀ. ಹೇಳುವುದಿಲ್ಲ. ಲೆಕ್ಕ ನಾವೇ ಹಾಕೋಣ. ಒಂದು ರೇಲ್‌ನ ನಡುವೆ 1000 ಕೆ.ಜಿ. ಬಿತ್ತೆನ್ನಿ, ಎರಡು ಕಾಲುಗಳ ನಡುವೆ 60 ಸೆಂ.ಮೀ. ಅಂತರವಿದೆ. ಹೊರವ್ಯಾಸ 48.3 ಮಿ.ಮೀ., ದಪ್ಪ 3.2 ಮಿ.ಮೀ. ಇರುವ ಪೈಪಿನಲ್ಲಿ ಆಗ ಸುಮಾರು 306 ಮೆಗಾಪ್ಯಾಸ್ಕಲ್ ಒತ್ತಡ ಹುಟ್ಟುತ್ತದೆ. ಭಾರತೀಯ ಮಾನಕ ಐಎಸ್ 1161ರ 240 ದರ್ಜೆಯ ಪೈಪು ಒತ್ತಡ 240 ದಾಟಿದರೆ ಬಾಗಿ, ಬಾಗಿದಂತೆಯೇ ಉಳಿಯುತ್ತದೆ. ಅದೇ ದರ್ಜೆಯ 60.3 ಮಿ.ಮೀ. ವ್ಯಾಸ, 3.6 ಮಿ.ಮೀ. ದಪ್ಪದ ಪೈಪು ಹಾಕಿದರೆ ಒತ್ತಡ ಸುಮಾರು 171ಕ್ಕೆ ಇಳಿಯುತ್ತದೆ. ತೂಕದಲ್ಲಿ ಮೀಟರಿಗೆ ಒಂದೂವರೆ ಕೆ.ಜಿ.ಯಷ್ಟೇ ವ್ಯತ್ಯಾಸ. ಇನ್ನೊಂದು ದಾರಿಯೂ ಇದೆ. ಸಣ್ಣ ಪೈಪನ್ನೇ ಇಟ್ಟು ಕಾಲುಗಳ ಅಂತರವನ್ನು 40 ಸೆಂ.ಮೀ.ಗೆ ಇಳಿಸಿದರೆ ಒತ್ತಡ 204ಕ್ಕೆ ಬರುತ್ತದೆ. ಇದು ನಿಂತ ಭಾರದ ಸರಳ ಲೆಕ್ಕ, ಗಾಡಿ ಮೇಲಿಂದ ಬಿದ್ದರೆ ಪೆಟ್ಟು ಇನ್ನೂ ಜೋರು. ಪೈಪಿನ ದಪ್ಪದ ಬಗ್ಗೆ ಎಲ್ಲರೂ ಕೇಳುತ್ತಾರೆ, ಕಾಲುಗಳನ್ನು ಎಣಿಸುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಮೊದಲು ಎಣಿಸಬೇಕಾದದ್ದು ಕಾಲುಗಳನ್ನೇ.

ಕಾಲು ಚಾಸಿಗೆ ಸೇರುವ ಜಾಗ ಇನ್ನೂ ನಾಜೂಕು. ರೇಲ್ ಚಾಸಿಯಿಂದ ಹೊರಗೆ ಚಾಚಿರುವುದರಿಂದ ಕೆಳಗಿನ ಪೆಟ್ಟು ಆ ಕೀಲನ್ನು ತಿರುಚುತ್ತದೆ. ಅಲ್ಲಿ ಅಗಲವಾದ ಪ್ಲೇಟ್ ಇಟ್ಟು ಭಾರ ಹಂಚಬೇಕು. ಪೆಟ್ಟಿಗೆ ಆಕಾರದ ಚಾಸಿಗೆ ಆರಪಾರ ಬೋಲ್ಟ್ ಹಾಕಿ ಬಿಗಿದರೆ ಗೋಡೆ ಒಳಗೆ ಕುಗ್ಗುತ್ತದೆ. ಒಳಗೆ ತೋಳಿನಂತೆ ಒಂದು ತುಂಡು ಪೈಪು ಇಟ್ಟೇ ಬಿಗಿಯಬೇಕು. ಕಂಪನಿ ಬಿಟ್ಟಿರುವ ತೂತುಗಳು ಇದ್ದರೆ ಅವನ್ನೇ ಬಳಸಿ. ಹೊಸ ತೂತು ಅನಿವಾರ್ಯವಾದರೆ ಚಾಸಿಯ ಪಕ್ಕದ ಗೋಡೆಯ ನಡುಭಾಗದಲ್ಲಿರಲಿ, ಮೇಲಿನ ಅಥವಾ ಕೆಳಗಿನ ಮುಖದಲ್ಲಿ ಬೇಡ. ಬೋಲ್ಟ್ 8.8 ದರ್ಜೆಗೆ ಕಡಿಮೆ ಬೇಡ. ಹೊಸ ಗಾಡಿಗೆ ವೆಲ್ಡ್ ಮಾಡಿಸಬೇಡಿ: ಚಾಸಿಯ ವಾರಂಟಿಗೆ ಕುತ್ತು, ರಿಪೇರಿಗೆ ಬಿಚ್ಚಲಾಗದು. ಹಳೆಯ ಎಂಎಂ540 ಜೀಪಿಗೆ ವೆಲ್ಡ್ ಮಾಡಿಸುವುದೇ ಆದರೆ ಮೊದಲು ಬ್ಯಾಟರಿ ತಂತಿ ಬಿಚ್ಚಿಸಿ, ಬ್ರೇಕ್ ಮತ್ತು ಇಂಧನದ ಪೈಪು ಎಲ್ಲೆಲ್ಲಿ ಹೋಗಿವೆಯೆಂದು ನೋಡಿಸಿ.

ಈ ಕೆಲಸಕ್ಕೆ ಬೆಳಗಾವಿಯವರು ಪುಣೆಗೋ ಬೆಂಗಳೂರಿಗೋ ಹೋಗಬೇಕಾಗಿಲ್ಲ. ಫೌಂಡ್ರಿಗೂ ಹೈಡ್ರಾಲಿಕ್ಸ್‌ಗೂ ಹೆಸರಾದ ಊರು ಇದು. ಉದ್ಯಮಬಾಗ, ಮಚ್ಛೆಯ ಕೈಗಾರಿಕಾ ಪ್ರದೇಶಗಳಲ್ಲಿ ಪ್ಲೇಟ್ ಕತ್ತರಿಸುವವರು, ಪೈಪು ಬಾಗಿಸುವವರು, ಪೌಡರ್ ಕೋಟಿಂಗ್ ಮಾಡುವವರು ಸಿಗುತ್ತಾರೆ. ಆದರೆ ‘ಗಟ್ಟಿಯಾಗಿ ಮಾಡ್ರಿ’ ಎಂದಷ್ಟೇ ಹೇಳಿ ಬರಬೇಡಿ. ಅಳತೆ, ಕಾಲಿನ ಸಂಖ್ಯೆ, ಪೈಪಿನ ದರ್ಜೆ ಬರೆದ ನಕ್ಷೆ ಕೊಡಿ. ಬ್ರ್ಯಾಕೆಟ್ ಎರಕದ್ದು ಬೇಡ, ಪ್ಲೇಟಿನದೇ ಇರಲಿ. ಬೀಡು ಪೆಟ್ಟು ಬಿದ್ದರೆ ಒಡೆಯುತ್ತದೆ, ಉಕ್ಕು ಬಾಗಿ ಎಚ್ಚರಿಸುತ್ತದೆ. ಪೈಪಿನ ತುದಿ ಮುಚ್ಚಿಸಿ, ತಳದಲ್ಲಿ ನೀರು ಇಳಿಯಲು ತೂತು ಬಿಡಿಸಿ. ಇಲ್ಲಿಯ ಕೆಂಪು ಕೆಸರು ಒಳಗೆ ಸೇರಿ ತಿಂಗಳುಗಟ್ಟಲೆ ಹಸಿಯಾಗಿ ಉಳಿದರೆ ಪೈಪನ್ನು ತುಕ್ಕು ಒಳಗಿನಿಂದಲೇ ತಿನ್ನುತ್ತದೆ.

ಕಾನೂನಿನ ಮಾತೂ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಅಕ್ರಮ ಮಾರ್ಪಾಡು ಒಂದೊಂದಕ್ಕೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬಂಪರಿನ ಮುಂದೆ ಹಾಕಿಸುವ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. ಹಾಗೆಯೇ ಬಾಡಿಯ ಅಗಲಕ್ಕಿಂತ ಹೊರಚಾಚಿದ ರೇಲ್ ಕೂಡ ಅಪಾಯ, ಪಕ್ಕದ ಬೈಕಿನವನ ಕಾಲು ಮುರಿಯಬಲ್ಲದು; ಬೆಳಗಾವಿಯ ಖಡೇ ಬಜಾರಿನಂಥ ಇಕ್ಕಟ್ಟಿನಲ್ಲಿ ಅಂಥದ್ದಕ್ಕೆ ಜಾಗವಿಲ್ಲ. ಗಾಡಿಯ ನೆರಳಿನೊಳಗೇ ಉಳಿಯುವ, ಬಿಚ್ಚಬಹುದಾದ ರೇಲ್ ಆರಿಸಿ, ಆರ್‌ಟಿಒದಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ.

ರೇಲ್ ಇದೆಯೆಂದು ಭೀಮಗಡದ ಕಾಡಿಗೆ ನುಗ್ಗುವವರಿಗೆ ಒಂದು ಮಾತು. ಅದು 2011ರಿಂದ ವನ್ಯಜೀವಿ ಧಾಮ. ಹೆಮ್ಮಡಗಾ ಸುತ್ತಿನ ಕಾಡುದಾರಿಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಾಡಿ ಓಡಿಸುವುದು ಅಪರಾಧ. ಒಳಗಿನ ಹಳ್ಳಿಗಳ ಜನ ಮಳೆಗಾಲದಲ್ಲಿ ರೋಗಿಗಳನ್ನು ಹೊತ್ತುಕೊಂಡು ನಡೆಯುವ ದಾರಿಗಳು ಅವು. ನಮ್ಮ ದಪ್ಪ ಟಯರಿನಿಂದ ಅವನ್ನು ಇನ್ನಷ್ಟು ಕೊರೆಯುವ ಹಕ್ಕು ನಮಗಿಲ್ಲ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಪಡೆದು ಅಭ್ಯಾಸ ಮಾಡಿ. ಪ್ರತಿ ಸಲ ವಾಪಸು ಬಂದ ಮೇಲೆ ರೇಲ್‌ನ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿ, ಕಲ್ಲು ಕಿತ್ತ ಕಡೆ ಸತುವಿನ ಪ್ರೈಮರ್ ಬಳಿಯಿರಿ.