ಅಂಗನವಾಡಿಯೋ, ಸರ್ಕಾರಿ ಎಲ್‌ಕೆಜಿಯೋ? ಹೋಲಿಸುವುದು ಹೇಗೆ?

"ಅಂಗನವಾಡೀಲಿ ಊಟ ಹಾಕಿ ಮಲಗಿಸ್ತಾರೆ ಅಷ್ಟೇ. ಓದು ಬೇಕಂದ್ರೆ ಎಲ್‌ಕೆಜಿಗೇ ಸೇರಿಸ್ಬೇಕು." ಬೆಂಗಳೂರಿನಲ್ಲಿ ಮೂರು ವರ್ಷದ ಮಗುವಿರುವ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಇದು ಎಷ್ಟು ನಿಜ? ನೋಡೋಣ.

ಅಂಗನವಾಡಿ 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೂಸು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅದನ್ನು ನಡೆಸುತ್ತದೆ. ಕರ್ನಾಟಕ ಪಬ್ಲಿಕ್ ಶಾಲೆಗಳ ಎಲ್‌ಕೆಜಿ, ಯುಕೆಜಿ ಶಾಲಾ ಶಿಕ್ಷಣ ಇಲಾಖೆಯವು. ಕೆಲವು ವಾರ್ಡುಗಳಲ್ಲಿ ಪಾಲಿಕೆಯ ಶಿಶುವಿಹಾರಗಳೂ ಇವೆ. 2024ರಲ್ಲಿ ನಗರದ 250 ಅಂಗನವಾಡಿಗಳಿಗೆ 'ಸರ್ಕಾರಿ ಮಾಂಟೆಸ್ಸರಿ' ಎಂಬ ಬೋರ್ಡು ಬಂತು.

ಮೂರು ವರ್ಷದ ಮಗುವಿನ ವಿಷಯದಲ್ಲಿ ಗೊಂದಲವೇ ಇಲ್ಲ. ಎಲ್‌ಕೆಜಿಗೆ ನಾಲ್ಕು ವರ್ಷ ತುಂಬಿರಬೇಕು, ಅಂಗನವಾಡಿ ಮೂರಕ್ಕೇ ಸೇರಿಸಿಕೊಳ್ಳುತ್ತದೆ. ಪ್ರಶ್ನೆ ಏಳುವುದು ನಾಲ್ಕರ ನಂತರ.

ಊಟವನ್ನು "ಅಷ್ಟೇ" ಎನ್ನುವುದು ಸರಿಯಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ, ಅಂಗನವಾಡಿಗೆ ಹೋಗುವ 3ರಿಂದ 6 ವರ್ಷದ ಮಗುವಿಗೆ ಪೌಷ್ಟಿಕ ಆಹಾರ ಸಿಗಬೇಕು. ಹಸಿದ ಮಗು ಏನನ್ನೂ ಕಲಿಯುವುದಿಲ್ಲ. ಮಲಗಿಸುವುದೂ ದಂಡವಲ್ಲ: ಈ ವಯಸ್ಸಿನ ಮಕ್ಕಳು ಬೆಳಗ್ಗೆ ಕಲಿತದ್ದು ಮಧ್ಯಾಹ್ನದ ನಿದ್ದೆಯಿಂದ ನೆನಪಿನಲ್ಲಿ ಗಟ್ಟಿಯಾಗುತ್ತದೆ ಎಂದು 2013ರ ಅಧ್ಯಯನವೊಂದು ತೋರಿಸಿದೆ.

ಇನ್ನು ಓದು. ಎಲ್‌ಕೆಜಿ ಮಗು ಎಬಿಸಿಡಿ ಬರೆದ ಪುಸ್ತಕ ಮನೆಗೆ ತರುತ್ತದೆ, ಅಂಗನವಾಡಿ ಮಗು ಒಂದು ಹಾಡು ಕಲಿತು ಬರುತ್ತದೆ. ಹೆಚ್ಚಿನ ತಂದೆ ತಾಯಿಗೆ ಮೊದಲನೆಯದೇ ಕಲಿಕೆಯಾಗಿ ಕಾಣುತ್ತದೆ. ಆದರೆ ನಾಲ್ಕರ ವಯಸ್ಸಿನಲ್ಲಿ ಬೆರಳುಗಳ ಸ್ನಾಯುಗಳಿಗೆ ಪೆನ್ಸಿಲ್ ಹಿಡಿತ ಇನ್ನೂ ಕೂತಿರುವುದಿಲ್ಲ. ಮುಂದೆ ಓದು ಸುಲಭವಾಗಲು ಬೇಕಾದ್ದು ಪದಸಂಪತ್ತು, ಪ್ರಾಸ, ಶಬ್ದಗಳನ್ನು ಬಿಡಿಸಿ ಕೇಳುವ ಕಿವಿ. ಇವು ಬರುವುದು ಕತೆ, ಹಾಡು, ಮಾತಿನಿಂದ, ಅದರಲ್ಲೂ ಮನೆಯ ಭಾಷೆಯಲ್ಲಿ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಈ ಹಂತಕ್ಕೆ ಆಟದ ಮೂಲಕ ಕಲಿಕೆಯನ್ನೇ ಹೇಳುತ್ತದೆ.

ಹಾಗಂತ ಅಂಗನವಾಡಿಯೇ ಮೇಲು ಎಂದು ನಾವು ಹೇಳುತ್ತಿಲ್ಲ. ಅಲ್ಲಿನ ದೊಡ್ಡ ತೊಡಕು ಸಮಯದ್ದು. ಕಾರ್ಯಕರ್ತೆ ಒಬ್ಬರೇ ಮಕ್ಕಳ ತೂಕ ನೋಡಬೇಕು, ಗರ್ಭಿಣಿಯರ ಲೆಕ್ಕ ಇಡಬೇಕು, ಮನೆ ಭೇಟಿ ಮಾಡಬೇಕು, ಮೊಬೈಲಿನಲ್ಲಿ ಮಾಹಿತಿ ತುಂಬಬೇಕು. ಬಾಡಿಗೆಯ ಒಂದೇ ಕೋಣೆಯಾದರೆ ಓಡಾಡಲೂ ಜಾಗವಿರುವುದಿಲ್ಲ. ಶಾಲೆಯಲ್ಲಿ ಅಂಗಳವಿರುತ್ತದೆ, ಆದರೆ ತರಗತಿ ತುಂಬಿದ್ದರೆ ಪುಟ್ಟ ಮಕ್ಕಳನ್ನು ಕೈಕಟ್ಟಿ ಕೂರಿಸುವುದೂ ಉಂಟು.

ಆದ್ದರಿಂದ ಬೋರ್ಡು ನೋಡಬೇಡಿ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೋಗಿ ಅರ್ಧ ಗಂಟೆ ನಿಲ್ಲಿ. ಟೀಚರ್ ನೆಲದ ಮೇಲೆ ಮಕ್ಕಳ ಜೊತೆ ಕೂತಿದ್ದಾರೆಯೇ? ಮಗು ಕೇಳಿದ ಪ್ರಶ್ನೆಗೆ ಉತ್ತರ ಸಿಗುತ್ತದೆಯೇ, "ಸುಮ್ನಿರು" ಎಂಬ ಮಾತು ಸಿಗುತ್ತದೆಯೇ? ಆಟಿಕೆಗಳು ಮಕ್ಕಳ ಕೈಯಲ್ಲಿವೆಯೇ, ಬೀರುವಿನ ಮೇಲಿವೆಯೇ? ಶೌಚಾಲಯದಲ್ಲಿ ನೀರು ಬರುತ್ತದೆಯೇ?

ಎಲ್‌ಕೆಜಿ ಓದದಿದ್ದರೆ ಒಂದನೇ ತರಗತಿಗೆ ಸೀಟು ಸಿಗುವುದಿಲ್ಲ ಎಂಬ ಭಯವೂ ಬೇಡ. ಆ ಪ್ರವೇಶಕ್ಕೆ ನೋಡುವುದು ವಯಸ್ಸನ್ನು. ಮಗುವಿಗೆ ಪರೀಕ್ಷೆ ಮಾಡಿ ಆರಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ನಿಷೇಧಿಸಿದೆ.