ಕಲ್ಲುದಾರಿಗೆ ಎಂಥ ಟೈರು?



ಘರ್ಷಣೆಯ ಪಾಠವನ್ನು ನೀವೆಲ್ಲ ಓದಿದ್ದೀರಿ. ಘರ್ಷಣೆಯು ಎರಡು ವಸ್ತುಗಳನ್ನು ಒತ್ತುವ ಬಲವನ್ನು ಅವಲಂಬಿಸುತ್ತದೆ, ಅವು ತಾಗಿಕೊಂಡಿರುವ ವಿಸ್ತೀರ್ಣವನ್ನಲ್ಲ ಎಂಬ ನಿಯಮ ನಿಮಗೆ ಬಾಯಿಪಾಠವಾಗಿರಲೂಬಹುದು. ಫ್ರಾನ್ಸಿನ ಗಿಯೋಮ್ ಅಮೊಂತೋನ್ 1699ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ ನಿಯಮ ಇದು. ಹಾಗಾದರೆ, ಬಂಡೆಗಳ ಮೇಲೆ ಮೋಟಾರ್ ಸೈಕಲ್ ಹತ್ತಿಸುವವರು ಮೊದಲು ಟೈರಿನ ಗಾಳಿಯನ್ನು ಇಳಿಸುವುದೇಕೆ? ಟೈರು ಚಪ್ಪಟೆಯಾಗಿ ಹೆಚ್ಚು ಜಾಗ ತಾಗಿದರೆ ಅವರಿಗೆ ಸಿಗುವ ಲಾಭವೇನು? ಪಾಠ ತಪ್ಪೇ, ಸವಾರರು ತಪ್ಪೇ?

ಎರಡೂ ತಪ್ಪಲ್ಲ. ಈ ಪ್ರಶ್ನೆಗೆ ಉತ್ತರ ತಿಳಿದರೆ ಕಲ್ಲುದಾರಿಗೆ ಎಂಥ ಟೈರು ಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಉದಾಹರಣೆಗೆ ಹಿಮಾಚಲ ಪ್ರದೇಶದ ಒಂದು ದಾರಿಯನ್ನು ತೆಗೆದುಕೊಳ್ಳೋಣ. ರೋಹ್ತಾಂಗ್ ಕಣಿವೆದಾರಿಯ ಆಚೆಗಿರುವ ಗ್ರಾಂಫುವಿನಿಂದ ಚಂದ್ರಾ ನದಿಯ ದಂಡೆಯಲ್ಲೇ ಸಾಗಿ, ಬತಾಲ್ ಮತ್ತು ಕುಂಜುಮ್ ಕಣಿವೆದಾರಿಯ ಮೂಲಕ ಸ್ಪಿತಿಯ ಕಾಜಾ ಊರನ್ನು ಸೇರುವ ಹಾದಿ ಇದು. ಪ್ರತಿ ಬೇಸಿಗೆಯಲ್ಲೂ ನಮ್ಮ ಬೆಂಗಳೂರಿನಿಂದಲೂ ಅನೇಕ ಯುವಕ ಯುವತಿಯರು ಅಲ್ಲಿಗೆ ಹೋಗುತ್ತಾರೆ. ಹಿಮನದಿಗಳು ಉರುಳಿಸಿ ತಂದ ಗುಂಡುಕಲ್ಲುಗಳಿಗೆ, ಮಧ್ಯಾಹ್ನವಾದೊಡನೆ ದಾರಿಗೆ ಅಡ್ಡಲಾಗಿ ಉಕ್ಕಿ ಹರಿಯುವ ತೊರೆಗಳಿಗೆ ಈ ದಾರಿ ಹೆಸರಾದದ್ದು. ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಈ ಹಾದಿಯ ಬಹುಭಾಗದಲ್ಲಿ ಬೇಸಿಗೆಯ ಢಾಬಾಗಳ ಹೊರತು ಏನೂ ಇಲ್ಲ. ಟೈರು ಕೈಕೊಟ್ಟರೆ ನಾಲ್ಕು ಹೆಜ್ಜೆಯಲ್ಲಿ ಪಂಕ್ಚರ್ ಅಂಗಡಿ ಸಿಗುವ ಊರಲ್ಲ ಅದು. ಆದುದರಿಂದ ಟೈರಿನ ಆಯ್ಕೆ ಇಲ್ಲಿ ಶೋಕಿಯ ಮಾತಲ್ಲ.

ಮಣ್ಣು ಬೇರೆ, ಕಲ್ಲು ಬೇರೆ

ಕಚ್ಚಾ ದಾರಿಯ ಟೈರು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮೈತುಂಬ ಉಬ್ಬಿನಿಂತ ದಪ್ಪ ರಬ್ಬರ್ ತುಂಡುಗಳು. ಇವುಗಳನ್ನು ಗುಬಟುಗಳು ಎಂದು ಕರೆಯೋಣ. ಗುಬಟು ಎತ್ತರವಾದಷ್ಟೂ ಹಿಡಿತ ಹೆಚ್ಚು ಎಂದು ಹಲವರು ನಂಬಿದ್ದಾರೆ. ಕೆಸರಿನಲ್ಲಿ ಇದು ನಿಜ. ಎತ್ತರದ ಗುಬಟು ಮೆತ್ತನೆಯ ಮಣ್ಣಿನೊಳಗೆ ಇಳಿದು, ದೋಣಿಯ ಹುಟ್ಟು ನೀರನ್ನು ತಳ್ಳುವಂತೆ, ಮಣ್ಣನ್ನು ಹಿಂದಕ್ಕೆ ತಳ್ಳುತ್ತದೆ. ಗುಬಟುಗಳ ನಡುವೆ ಅಗಲವಾದ ತೆರವಿದ್ದರೆ ಅಂಟಿದ ಕೆಸರು ಉದುರಿಹೋಗುತ್ತದೆ.

ಆದರೆ ಕಲ್ಲಿನೊಳಗೆ ಗುಬಟು ಇಳಿಯುವುದುಂಟೇ? ಇಲ್ಲ. ಬಂಡೆಯ ಮೇಲೆ ಟೈರು ನಿಂತಿರುವುದು ಗುಬಟುಗಳ ತುದಿಗಳ ಮೇಲೆ ಮಾತ್ರ. ಗುಬಟುಗಳು ದೂರ ದೂರ ಇದ್ದರೆ ಕಲ್ಲಿಗೆ ತಾಗುವ ರಬ್ಬರೇ ಕಡಿಮೆಯಾಗುತ್ತದೆ. ಎತ್ತರವಾಗಿದ್ದರೆ ಅವು ಭಾರಕ್ಕೆ ಬಾಗುತ್ತವೆ, ಅಂಚುಗಳು ಹರಿಯುತ್ತವೆ, ಕೆಲವೊಮ್ಮೆ ತುಂಡೇ ಕಿತ್ತುಬರುತ್ತದೆ. ಆದುದರಿಂದಲೇ ಮೋಟೋಕ್ರಾಸ್ ಸ್ಪರ್ಧೆಗೆ ಟೈರು ತಯಾರಿಸುವವರು ಮೆದುನೆಲಕ್ಕೆ ಒಂದು ಬಗೆ, ಗಟ್ಟಿನೆಲಕ್ಕೆ ಇನ್ನೊಂದು ಬಗೆ ಎಂದು ಬೇರೆ ಬೇರೆಯಾಗಿ ತಯಾರಿಸುತ್ತಾರೆ. ಮೆದುನೆಲದ ಟೈರಿನಲ್ಲಿ ಗುಬಟು ಎತ್ತರ, ನಡುವಿನ ತೆರವು ಹೆಚ್ಚು. ಗಟ್ಟಿನೆಲದ ಟೈರಿನಲ್ಲಿ ಗುಬಟು ಗಿಡ್ಡ, ಒತ್ತೊತ್ತಾಗಿರುತ್ತದೆ, ರಬ್ಬರೂ ಹೆಚ್ಚು ಮೃದು.

ಇದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಟ್ರಯಲ್ಸ್ ಎಂಬ ಸ್ಪರ್ಧೆ. ಇದರಲ್ಲಿ ವೇಗ ಮುಖ್ಯವಲ್ಲ. ಕಾಲನ್ನು ನೆಲಕ್ಕೆ ಊರದೆ ಬಂಡೆ, ತೊರೆಗಳನ್ನು ದಾಟಬೇಕು. 1909ರಷ್ಟು ಹಿಂದಿನಿಂದ ನಡೆದುಬಂದಿರುವ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಈ ಬಗೆಯ ಸ್ಪರ್ಧೆಗಳಲ್ಲಿ ಹೆಸರುವಾಸಿ. ಕಲ್ಲಿನ ಮೇಲೆಯೇ ಬಾಳುವ ಈ ಮೋಟಾರ್ ಸೈಕಲ್ಲುಗಳ ಟೈರನ್ನು ನೋಡಿದರೆ ನಿಮಗೆ ಆಶ್ಚರ್ಯವಾದೀತು. ಅದರಲ್ಲಿ ಎತ್ತರದ ಗುಬಟುಗಳಿಲ್ಲ. ಗಿಡ್ಡನೆಯ ಚೌಕ ತುಂಡುಗಳು ಒತ್ತಾಗಿ ಜೋಡಿಸಿದಂತಿವೆ. ರಬ್ಬರು ಬಹಳ ಮೃದು. ಹಿಂದಿನ ಟೈರಿನಲ್ಲಿ ಗಾಳಿ ಕೇವಲ ನಾಲ್ಕೈದು ಪೌಂಡ್!

ರಬ್ಬರಿನ ವಿಶೇಷ ಗುಣ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಮೊಂತೋನ್ ನಿಯಮ ಮರ, ಲೋಹಗಳಂಥ ಗಟ್ಟಿ ವಸ್ತುಗಳಿಗೆ ಸಾಕಷ್ಟು ಸರಿಹೊಂದುತ್ತದೆ. ರಬ್ಬರು ಹಾಗಲ್ಲ. ಅದು ಬಂಡೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ತಾನೇ ತುಂಬಿಕೊಳ್ಳುತ್ತದೆ, ಕಲ್ಲಿನ ಮೈಗೆ ಅಂಟಿಕೊಳ್ಳುತ್ತದೆ. ಜಾರಲು ಹೊರಟಾಗ ಹಿಗ್ಗಿ ಕುಗ್ಗುತ್ತ ಆ ಜಾರಾಟವನ್ನು ತಡೆಯುತ್ತದೆ. ಒಂದೇ ಕಡೆ ಅತಿಯಾಗಿ ಒತ್ತಿದರೆ ಭಾರಕ್ಕೆ ತಕ್ಕಷ್ಟು ಹಿಡಿತ ರಬ್ಬರಿಗೆ ಹೆಚ್ಚುವುದಿಲ್ಲ. ಅದೇ ಭಾರವನ್ನು ಹೆಚ್ಚು ಜಾಗಕ್ಕೆ ಹಂಚಿದರೆ ಹಿಡಿತ ಉತ್ತಮಗೊಳ್ಳುತ್ತದೆ. ಆದುದರಿಂದ ಕಲ್ಲಿನ ಮೇಲೆ ಟೈರು ಕಚ್ಚುವುದಲ್ಲ, ತಬ್ಬಿಕೊಳ್ಳಬೇಕು. ಹಲ್ಲಿಯೊಂದು ಗೋಡೆ ಹತ್ತುವಾಗ ಉಗುರಿಗಿಂತ ಅಂಗಾಲನ್ನೇ ಹೆಚ್ಚು ನಂಬುವುದನ್ನು ನೆನಪಿಸಿಕೊಳ್ಳಿ.

ಮೃದು ರಬ್ಬರಿಗೆ ಒಂದು ದೋಷವೂ ಉಂಟು. ಅದು ಬೇಗ ಸವೆಯುತ್ತದೆ. ದೂರದ ಸವಾರಿಯಲ್ಲಿ ಟೈರನ್ನು ಉಳಿಸಿಕೊಳ್ಳುವುದೂ ಒಂದು ಕಲೆ. 2021ರ ಡಾಕರ್ ರ‍್ಯಾಲಿಯಲ್ಲಿ ಮೋಟಾರ್ ಸೈಕಲ್ ಸವಾರರು ಇಡೀ ಸ್ಪರ್ಧೆಗೆ ಆರೇ ಹಿಂಟೈರುಗಳನ್ನು ಬಳಸಬೇಕೆಂಬ ನಿಯಮ ಬಂದಿತು. ಕಲ್ಲು ಮರಳುಗಳ ಸಾವಿರಾರು ಕಿಲೋಮೀಟರ್‌ಗಳನ್ನು ಆರು ಟೈರುಗಳಲ್ಲಿ ಮುಗಿಸಬೇಕಾದರೆ ಕೈ ಎಷ್ಟು ಹತೋಟಿಯಲ್ಲಿರಬೇಕು, ಯೋಚಿಸಿ. ಇಂಥ ಡಾಕರ್ ರ‍್ಯಾಲಿಯನ್ನು 2015ರಲ್ಲಿ ಪೂರ್ಣಗೊಳಿಸಿದ ಮೊದಲ ಭಾರತೀಯರು ಬೆಂಗಳೂರಿನ ಸಿ. ಎಸ್. ಸಂತೋಷ್.

ಗಾಳಿಯ ಲೆಕ್ಕ

ಮೋಟಾರ್ ಸೈಕಲ್, ಸವಾರ, ಸಾಮಾನು ಸೇರಿ ಹಿಂದಿನ ಚಕ್ರದ ಮೇಲೆ 160 ಕಿಲೋಗ್ರಾಂ ಭಾರ ಬೀಳುತ್ತದೆ ಎಂದಿಟ್ಟುಕೊಳ್ಳಿ. ಪಂಕ್ಚರ್ ಅಂಗಡಿಯವರು ಹೇಳುವ ಪೌಂಡ್ ಎಂದರೆ ಒಂದು ಚದರ ಅಂಗುಲದ ಮೇಲೆ ಬೀಳುವ ಒತ್ತಡ. 28 ಪೌಂಡ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ. ಆಗ ನೆಲಕ್ಕೆ ತಾಗುವ ಜಾಗ ಸ್ಥೂಲವಾಗಿ 160ನ್ನು 2ರಿಂದ ಭಾಗಿಸಿದಷ್ಟು, ಅಂದರೆ 80 ಚದರ ಸೆಂಟಿಮೀಟರ್. ಗಾಳಿಯನ್ನು 20 ಪೌಂಡಿಗೆ ಇಳಿಸಿದರೆ ಇದು ಸುಮಾರು 114 ಆಗುತ್ತದೆ. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ನಿಜವಾದ ಅಂಕಿ ತುಸು ಬೇರೆಯಾದರೂ ಲೆಕ್ಕದ ದಿಕ್ಕು ಇದೇ.

ಹಾಗೆಂದು ಗಾಳಿಯನ್ನು ಮನಸ್ಸಿಗೆ ಬಂದಷ್ಟು ಇಳಿಸುವಂತಿಲ್ಲ. ಗಾಳಿ ಕಡಿಮೆಯಿರುವ ಟೈರು ಚೂಪುಕಲ್ಲಿಗೆ ಬಡಿದಾಗ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ನಜ್ಜಾಗುತ್ತದೆ. ಟ್ಯೂಬನ್ನು ಬಿಚ್ಚಿ ನೋಡಿದರೆ ಹಾವು ಕಚ್ಚಿದಂತೆ ಜೋಡಿ ತೂತುಗಳು ಕಾಣುತ್ತವೆ. ರಿಮ್ಮೂ ನೆಗ್ಗಬಹುದು. ಗಾಳಿ ತೀರ ಕಡಿಮೆಯಾದರೆ ಟೈರು ರಿಮ್ಮಿನ ಮೇಲೆಯೇ ತಿರುಗಿ, ಟ್ಯೂಬಿನ ವಾಲ್ವನ್ನು ಕಿತ್ತುಹಾಕುತ್ತದೆ. ಸ್ಪರ್ಧೆಯ ಮೋಟಾರ್ ಸೈಕಲ್ಲುಗಳಲ್ಲಿ ಇದನ್ನು ತಡೆಯಲು ಟೈರಿನ ಅಂಚನ್ನು ರಿಮ್ಮಿಗೆ ಬಿಗಿಯುವ ಒಂದು ಬೋಲ್ಟನ್ನು ಹಾಕಿರುತ್ತಾರೆ. ಮರಳಿನಲ್ಲಿ ಗಾಳಿಯನ್ನು ಬಹಳ ಇಳಿಸಬಹುದು, ಚೂಪುಕಲ್ಲಿನಲ್ಲಿ ಸ್ವಲ್ಪವೇ ಇಳಿಸಬೇಕು. ಸಾಮಾನು ಹೇರಿದ್ದರೆ ಇನ್ನೂ ಎಚ್ಚರ ಬೇಕು.

ಎತ್ತರದ ಪ್ರದೇಶದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಗಾಳಿಯಳೆಯುವ ಮಾಪಕ ತೋರಿಸುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ, ಕುಂಜುಮ್ ಸುಮಾರು 4,550 ಮೀಟರ್. ಮೇಲೇರಿದಂತೆ ಹೊರಗಿನ ಒತ್ತಡ ಕುಗ್ಗುವುದರಿಂದ ಮಾಪಕದಲ್ಲಿ ಸುಮಾರು 3 ಪೌಂಡ್ ಏರುತ್ತದೆ. ಆದರೆ ಉಷ್ಣತೆ 20 ಡಿಗ್ರಿ ಇಳಿದರೆ ಒಳಗಿನ ಗಾಳಿ ಕುಗ್ಗಿ ಸುಮಾರು ಎರಡೂವರೆ ಪೌಂಡ್ ಇಳಿಯುತ್ತದೆ. ಆದುದರಿಂದ ಊಹೆ ಕೂಡದು. ಕಲ್ಲುದಾರಿಗೆ ಇಳಿಯುವ ಮುನ್ನ ಆ ಜಾಗದಲ್ಲೇ ಅಳೆದು ನೋಡಬೇಕು.

ಟೈರಿನ ಪಕ್ಕೆಯ ಬರಹ

ಟೈರಿನ ಪಕ್ಕೆಯಲ್ಲಿ 90/90-21 54ಎಸ್ ಎಂದು ಬರೆದಿದೆ ಎನ್ನೋಣ. ಮೊದಲ 90 ಎಂದರೆ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಅಗಲದ ಶೇಕಡಾ 90ರಷ್ಟು ಪಕ್ಕೆಯ ಎತ್ತರ, ಅಂದರೆ 81 ಮಿಲಿಮೀಟರ್. ಕಲ್ಲಿಗೂ ರಿಮ್ಮಿಗೂ ನಡುವೆ ನಿಮಗಿರುವ ಮೆತ್ತೆ ಇಷ್ಟೇ. 21 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಮುಂದಿನ ಚಕ್ರ ದೊಡ್ಡದಾದಷ್ಟೂ ಅದು ಕಲ್ಲಿಗೆ ಢಿಕ್ಕಿ ಹೊಡೆಯುವ ಬದಲು ಏರಿ ಉರುಳುತ್ತದೆ. ಎತ್ತಿನ ಗಾಡಿಯ ಚಕ್ರ ದೊಡ್ಡದಾಗಿರುವುದರ ಗುಟ್ಟೂ ಇದೇ. 54 ಎಂಬುದು ಹೊರಬಲ್ಲ ಭಾರದ ಸಂಕೇತ, 212 ಕಿಲೋಗ್ರಾಂ. ಎಸ್ ಎಂದರೆ ಗಂಟೆಗೆ 180 ಕಿಲೋಮೀಟರ್ ವೇಗದ ಮಿತಿ. ಇನ್ನೊಂದು ಕಡೆ ನಾಲ್ಕು ಅಂಕಿಗಳು ಇರುತ್ತವೆ. 3523 ಎಂದಿದ್ದರೆ 2023ರ 35ನೆಯ ವಾರದಲ್ಲಿ ತಯಾರಾದದ್ದು. ವರ್ಷ ಕಳೆದಂತೆ ರಬ್ಬರು ಗಡುಸಾಗುತ್ತದೆ, ತಬ್ಬುವ ಗುಣ ಕಳೆದುಕೊಳ್ಳುತ್ತದೆ. ಗುಬಟು ಸವೆಯದಿದ್ದರೂ ಹಳೆಯ ಟೈರು ಹೊಸದರಂತಲ್ಲ.

ಹಾಗಾದರೆ ಆಯ್ಕೆ ಯಾವುದು?

ಕಲ್ಲಿಗೆ ಟ್ರಯಲ್ಸ್ ಟೈರೇ ಶ್ರೇಷ್ಠವೆಂದು ಕಾಜಾ ದಾರಿಗೆ ಅದನ್ನೇ ಹಾಕಿದರೆ? ತಪ್ಪಾಗುತ್ತದೆ. ಅದು ಹಗುರವಾದ ಮೋಟಾರ್ ಸೈಕಲ್ಲಿಗೆ, ನಿಧಾನ ಸವಾರಿಗೆ ತಯಾರಾದದ್ದು. ಅದರ ಮೆತ್ತನೆಯ ಪಕ್ಕೆ ಸಾಮಾನಿನ ಭಾರವನ್ನೂ ಹೆದ್ದಾರಿಯ ವೇಗವನ್ನೂ ತಾಳಲಾರದು. ಬೆಂಗಳೂರಿನಿಂದ ಮನಾಲಿಗೆ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಡಾಂಬರು ದಾರಿ ಇದೆಯಷ್ಟೆ. ಎತ್ತರದ ಗುಬಟಿನ ಟೈರೂ ಅಲ್ಲಿ ಅಪಾಯಕರ. ಮಳೆಯಲ್ಲಿ ಬ್ರೇಕು ಹಾಕಿದಾಗ ಡಾಂಬರಿಗೆ ತಾಗುವ ರಬ್ಬರು ಸಾಲದೆ ಜಾರುತ್ತದೆ.

ಆದುದರಿಂದ ಇಂಥ ಪಯಣಕ್ಕೆ ಮಧ್ಯಮ ಎತ್ತರದ, ಒತ್ತಾದ ಗುಬಟುಗಳುಳ್ಳ, ಪಕ್ಕೆ ಗಟ್ಟಿಯಿರುವ, ಎರಡೂ ಬಗೆಯ ದಾರಿಗೆ ಒಗ್ಗುವ ಟೈರೇ ಸರಿ. ಒಳಗೆ ದಪ್ಪನೆಯ ಟ್ಯೂಬು. ಜೊತೆಗೆ ಬದಲಿ ಟ್ಯೂಬು, ಗಾಳಿ ಪಂಪು, ಟೈರು ಬಿಚ್ಚುವ ಪಟ್ಟಿಗಳು, ಗಾಳಿಯಳೆಯುವ ಮಾಪಕ. ಇವೆಲ್ಲಕ್ಕಿಂತ ಮುಖ್ಯವಾಗಿ, ಟೈರು ಬಿಚ್ಚಿ ಟ್ಯೂಬು ಬದಲಿಸುವುದನ್ನು ಹೊರಡುವ ಮೊದಲೇ ಮನೆಯಂಗಳದಲ್ಲಿ ಒಮ್ಮೆಯಾದರೂ ಮಾಡಿ ಕಲಿತಿರಬೇಕು. ಬತಾಲಿನ ಚಳಿಯಲ್ಲಿ ಮೊದಲ ಪಾಠ ಕಲಿಯುವುದು ಕಷ್ಟ.

ಮಾಡಿ ನೋಡಿ

ಗೇರುಳ್ಳ ಮೋಟಾರ್ ಸೈಕಲ್ ಓಡಿಸಲು ನಿಮಗೆ 18 ವರ್ಷ ತುಂಬಿ ಪರವಾನಗಿ ದೊರೆತಿರಬೇಕು. ಆದರೆ ಈ ಪಾಠವನ್ನು ಕಲಿಯಲು ಸೈಕಲ್ ಸಾಕು. ಹಿಂದಿನ ಟೈರಿಗೆ ನೀರು ಹಚ್ಚಿ, ಗೆಳೆಯನೊಬ್ಬನನ್ನು ಸೀಟಿನ ಮೇಲೆ ಕೂರಿಸಿ, ಟೈರಿನ ಕೆಳಗೆ ಗ್ರಾಫ್ ಕಾಗದವಿಟ್ಟು ಒತ್ತಿನ ಗುರುತು ಪಡೆಯಿರಿ. ಚೌಕಗಳನ್ನು ಎಣಿಸಿ ವಿಸ್ತೀರ್ಣ ಬರೆದುಕೊಳ್ಳಿ. ನಂತರ ಸ್ವಲ್ಪ ಗಾಳಿ ಬಿಟ್ಟು ಮತ್ತೆ ಮಾಡಿ. ಮೂರು ಬಾರಿ ಹೀಗೆ ಮಾಡಿದರೆ ಒತ್ತಡ ಮತ್ತು ವಿಸ್ತೀರ್ಣಗಳ ನಂಟು ನಿಮ್ಮ ಕಣ್ಣಮುಂದೆಯೇ ಮೂಡುತ್ತದೆ. ಅನಂತರ ಅದೇ ಟೈರನ್ನು ಒಂದು ಜಲ್ಲಿಕಲ್ಲಿನ ಮೇಲೆ ಒತ್ತಿ, ಪಕ್ಕದಿಂದ ಬಗ್ಗಿ ನೋಡಿ. ರಬ್ಬರು ಕಲ್ಲನ್ನು ಎಷ್ಟು ತಬ್ಬಿದೆ, ರಿಮ್ಮಿಗೆ ಇನ್ನೆಷ್ಟು ಅಂತರ ಉಳಿದಿದೆ ಎಂಬುದನ್ನು ಗಮನಿಸಿ. ಮೊದಲನೆಯದು ಹೆಚ್ಚಬೇಕು, ಎರಡನೆಯದು ಮುಗಿದುಹೋಗಬಾರದು. ಕಲ್ಲುದಾರಿಯ ಸವಾರ ಟೈರು ಆರಿಸುವಾಗಲೂ, ಗಾಳಿ ತುಂಬುವಾಗಲೂ ಹುಡುಕುವುದು ಇವೆರಡರ ನಡುವಿನ ಹದವನ್ನೇ.