ಸೀಸೆಯೊಳಗಿನ ಬೆಟ್ಟಾ ಮೀನು

ಉದ್ದನೆಯ ಈಜುರೆಕ್ಕೆಗಳ, ಕಡುನೀಲಿ ಅಥವಾ ಕೆಂಪು ಬಣ್ಣದ ಒಂಟಿ ಮೀನನ್ನು ಪುಟ್ಟ ಗಾಜಿನ ಸೀಸೆಯಲ್ಲಿಟ್ಟು ಮಾರುವುದನ್ನು ನೀವು ನೋಡಿರಬಹುದು. ಅದೇ ಬೆಟ್ಟಾ. (ನಮ್ಮ ಬೆಟ್ಟಕ್ಕೂ ಈ ಹೆಸರಿಗೂ ಸಂಬಂಧವಿಲ್ಲ.) ಮೂಲ ಥಾಯ್ಲೆಂಡ್, 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಗಂಡುಗಳು ಒಂದನ್ನೊಂದು ಕಂಡರೆ ಕಾದಾಡುತ್ತವೆ, ಆದ್ದರಿಂದ ಒಂಟಿವಾಸ. 'ಇದಕ್ಕೆ ಗಾಳಿಯ ಪಂಪು ಬೇಡ, ಸೀಸೆಯೇ ಸಾಕು' ಎನ್ನುತ್ತಾರೆ ಮಾರುವವರು. ಮಾತಿನ ಮೊದಲರ್ಧ ನಿಜ. ಉಳಿದರ್ಧವನ್ನು ನಂಬಿ ಮಕ್ಕಳು ಆಸೆಯಿಂದ ತಂದ ಮೀನನ್ನು ಬೇಗನೆ ಕಳೆದುಕೊಳ್ಳುತ್ತಾರೆ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಆಕ್ಸಿಜನ್ನನ್ನು ಕರಗಿಸಿಕೊಳ್ಳಬಲ್ಲದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಇದೆ. ಜೊತೆಗೆ, ನಿಂತ ನೀರಿನಲ್ಲಿ ಆಕ್ಸಿಜನ್ನಿನ ವಿಸರಣೆ ಗಾಳಿಯಲ್ಲಿರುವುದಕ್ಕಿಂತ ಹತ್ತು ಸಾವಿರ ಪಟ್ಟು ನಿಧಾನ. ಬತ್ತದ ಗದ್ದೆಯ ನಿಂತ ನೀರಿನಲ್ಲಿ ಬಾಳುವ ಬೆಟ್ಟಾ ಇದಕ್ಕೆ ಉಪಾಯ ಕಂಡುಕೊಂಡಿದೆ. ಕಿವಿರುಗಳ ಮೇಲ್ಭಾಗದಲ್ಲಿ ಇದಕ್ಕೆ ಮಡಿಕೆ ಮಡಿಕೆಯಾದ, ರಕ್ತನಾಳಗಳಿಂದ ತುಂಬಿದ ಅಂಗವೊಂದಿದೆ. ಮೀನು ಮೇಲೆ ಬಂದು ಗಾಳಿ ನುಂಗಿ ಇದರ ಮೂಲಕ ಆಕ್ಸಿಜನ್ ಪಡೆಯುತ್ತದೆ. ಆದ್ದರಿಂದ ಪಾತ್ರೆಯನ್ನು ಕಂಠದವರೆಗೆ ತುಂಬಿ ಮುಚ್ಚಳ ಬಿಗಿಯಬೇಡಿ.

ಆಕ್ಸಿಜನ್ನಿನ ಪ್ರಶ್ನೆ ಇಲ್ಲಿಗೆ ಮುಗಿಯಿತು, ಕಲ್ಮಶದ್ದು ಮುಗಿಯಲಿಲ್ಲ. ಮೀನು ಹೊರಹಾಕುವ ಅಮೋನಿಯ ಅದೇ ನೀರಿನಲ್ಲಿ ಉಳಿಯುತ್ತದೆ. ಇದರಲ್ಲಿ ಹೆಚ್ಚು ವಿಷಕಾರಿಯಾದದ್ದು ಅಯಾನೀಕರಣ ಹೊಂದದ ಭಾಗ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅದು ಶೇಕಡಾ 0.6ರಷ್ಟು, ಪಿಎಚ್ 8 ಆದರೆ ಶೇಕಡಾ 5ಕ್ಕೂ ಮೇಲೆ! ಬಾಗಲಕೋಟೆ ಜಿಲ್ಲೆಯ ಎರೆಭೂಮಿಯ ಊರುಗಳಲ್ಲಿ, ಮಹಾಲಿಂಗಪುರದ ಸುತ್ತಲೂ, ಕೊಳವೆಬಾವಿಯ ನೀರು ಹಲವೆಡೆ ಗಡಸು, ತುಸು ಕ್ಷಾರೀಯ. ಅಂಥ ನೀರಿನ ಸಣ್ಣ ಸೀಸೆ ಅಪಾಯಕಾರಿ. ದೊಡ್ಡ ತೊಟ್ಟಿಯಲ್ಲಿ ಬ್ಯಾಕ್ಟೀರಿಯಗಳು ನೆಲೆಯೂರಿ ಅಮೋನಿಯವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೀರನ್ನು ಪೂರ್ತಿ ಚೆಲ್ಲದೆ ವಾರಕ್ಕೆ ಕಾಲುಭಾಗ ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ.

ಇನ್ನು ಉಷ್ಣತೆ. ಬೆಟ್ಟಾಕ್ಕೆ ಹಿತವಾದದ್ದು 24ರಿಂದ 28 ಡಿಗ್ರಿ. ಮಹಾಲಿಂಗಪುರದಲ್ಲಿ ಬೇಸಿಗೆಯ ಹಗಲು 40ರ ಸಮೀಪಕ್ಕೇರುತ್ತದೆ, ಚಳಿಗಾಲದ ರಾತ್ರಿ 15ರ ಆಸುಪಾಸಿಗಿಳಿಯುತ್ತದೆ. ಶಾಖ ಒಳಹೊರಗೆ ಹೋಗುವುದು ಮೇಲ್ಮೈಯ ಮೂಲಕ, ತುಂಬಿರುವುದು ಗಾತ್ರದಲ್ಲಿ. ಒಂದೇ ಆಕಾರದ ಪಾತ್ರೆಗಳಲ್ಲಿ 20 ಲೀಟರಿನದು 1 ಲೀಟರಿನದಕ್ಕಿಂತ ಸುಮಾರು 2.7 ಪಟ್ಟು ನಿಧಾನವಾಗಿ ತಣಿಯುತ್ತದೆ. ಕಿಟಕಿಯ ಬಿಸಿಲಿನಲ್ಲಿಟ್ಟ ಸೀಸೆಯ ಗತಿಯನ್ನು ನೀವೇ ಊಹಿಸಿ.

ಬೇಸಿಗೆಯಲ್ಲಿ ಗಾಜಿನ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ. ಮಣ್ಣಿನ ಗಡಿಗೆಯ ನೀರು ತಂಪಾಗುವ ತತ್ತ್ವವೇ ಇಲ್ಲೂ. 10 ಲೀಟರ್ ನೀರು ಒಂದು ಡಿಗ್ರಿ ಇಳಿಯಲು 42,000 ಜೂಲ್ ಶಾಖ ಹೊರಹೋಗಬೇಕು. ಹೊರಗಿನ ಶಾಖ ಸೇರದಿದ್ದರೆ ಸುಮಾರು 18 ಗ್ರಾಂ ನೀರು ಆವಿಯಾದರೆ ಸಾಕು. ಚಳಿಗಾಲಕ್ಕೆ ಥರ್ಮೋಸ್ಟಾಟ್ ಇರುವ ಸಣ್ಣ ಹೀಟರ್ ಒಳ್ಳೆಯದು.

ಮೀನು ತರುವ ಮೊದಲು ವಿದ್ಯಾರ್ಥಿಗಳಿಂದ ಒಂದು ಕೆಲಸ ಮಾಡಿಸಿ. ಸೀಸೆಯೊಂದರಲ್ಲೂ ಬಕೆಟ್ಟಿನಲ್ಲೂ ನೀರು ತುಂಬಿ, ಸಂಜೆ ಆರರಿಂದ ಬೆಳಗಿನ ಆರರವರೆಗೆ ಎರಡು ಗಂಟೆಗೊಮ್ಮೆ ಉಷ್ಣತೆ ಗುರುತಿಸಿ ನಕ್ಷೆ ಬರೆಯಲಿ. ಪಾತ್ರೆ ಎಷ್ಟು ದೊಡ್ಡದಿರಬೇಕೆಂದು ಅವರೇ ನಿರ್ಧರಿಸುತ್ತಾರೆ.